ನೆಂಟರ ಹೆಬ್ಬೇವಿನ ತೋಪು

ನೆಂಟರಿಷ್ಟರನ್ನೆಲ್ಲ ಒಂದೇ ಎತ್ತರಕ್ಕೆ ಬೆಳೆಸಿ ತೋರಿಸುತ್ತೇನೆ ಎಂದು ಹಟ ತೊಟ್ಟ ಗಂಡಸು ಇಡೀ ಹುಣಸೂರು ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು! ಕಟ್ಟೆಮಳಲವಾಡಿಯ ನಮ್ಮ ಹೊಸಮನೆಯ ಗೃಹಪ್ರವೇಶಕ್ಕೆ ಬಂದವರ ಕೈಯಲ್ಲೆಲ್ಲ ಹಿತ್ತಲಲ್ಲಿ ಒಂದೊಂದು ಹೆಬ್ಬೇವಿನ ಸಸಿ ನೆಡಿಸಿ, ಪ್ರತಿಯೊಂದಕ್ಕೂ ಹೆಸರಿನ ತಗಡು ಕಟ್ಟಿದೆ. ಇಷ್ಟು ಜಾಗಕ್ಕೆ ಇದರಲ್ಲಿ ಅರ್ಧದಷ್ಟು ಸಸಿ ಸಾಕು ಎಂದು ಹೆಂಡತಿ ಸುಧಾ ಗೊಣಗಿದಳು. ಬಿಡುವುದು ಯಾರನ್ನು? ಒಬ್ಬರನ್ನು ಬಿಟ್ಟರೂ ದೊಡ್ಡ ರಾದ್ಧಾಂತ! ಮೊಳಕ್ಕೊಂದರಂತೆ ಒತ್ತಿ ನೆಡಿಸಿದೆ.

ಏಳೆಂಟು ವರ್ಷ ಕಳೆಯಿತು. ಅತ್ತೆ ಚಿಕ್ಕಸಿದ್ದಮ್ಮನವರ ಮರ ತಬ್ಬುವಷ್ಟು ದಪ್ಪವಾಗಿ ಬಿಸಿಲನ್ನೆಲ್ಲ ತಾನೇ ನುಂಗಿತು. ನನ್ನ ಅಣ್ಣ ಬಸವರಾಜುವಿನದು ಪೊರಕೆ ಕಡ್ಡಿ. ಅವರಿಬ್ಬರ ನಡುವೆ ಸಿಕ್ಕಿಬಿದ್ದದ್ದು ಅಲ್ಲಿಯೂ ನಾನೇ, ಅಂದರೆ ನನ್ನ ಮರ. ಯಾರೋ ಪುಣ್ಯಾತ್ಮರು ಆ ಕಡ್ಡಿಯನ್ನು ತಗಡಿನ ಸಮೇತ ಫೋಟೊ ತೆಗೆದು ನೆಂಟರ ವಾಟ್ಸಾಪಿಗೆ ಹಾಕಿದರು. ಭೇರ್ಯದಿಂದ ಅಣ್ಣನ ಫೋನು ಬಂತು.

"ಹೆಂಡ್ತಿ ಕಡೆಯೋರಿಗೆ ಗೊಬ್ಬರ, ನಂಗೆ ಬರೀ ನೆಳ್ಳು. ಅನುಶ್ರೀ ಮದ್ವೆಗೆ ನಾನು ಬರಾಕಿಲ್ಲ ಕಣ್ಲಾ ಷಣ್ಮುಖ."

ಮಗಳ ಮದುವೆ ಮುಂದಿನ ತಿಂಗಳು! ದೊಡ್ಡಪ್ಪನೇ ಇಲ್ಲದ ಮದುವೆ ಎಂದರೆ ಬೀಗರ ಮುಂದೆ ನನ್ನ ಮಾನ ಏನಾಗಬೇಕು? ಅಂದಿನಿಂದ ಕೂತಲ್ಲಿ ಕೂರಲಾಗಲಿಲ್ಲ. ಅಣ್ಣನ ಮರಕ್ಕೆ ಕೊಟ್ಟಿಗೆ ಗೊಬ್ಬರ, ಹಿಂಡಿ, ಕೊಡಗಟ್ಟಲೆ ನೀರು. ಕಾಫಿ ಲೋಟ ಇಟ್ಟು ಎದ್ದು ಹೋಗಿ ದಾರ ಸುತ್ತಿ ಅಳೆದೆ. ತಿಂಡಿ ಬಿಟ್ಟೆದ್ದು ಮತ್ತೆ ಅಳೆದೆ. ದಪ್ಪವಾದದ್ದು ಮಾತ್ರ ಅತ್ತೆಯ ಮರ! ಬಡಿಸಿದ್ದು ಅಣ್ಣನ ಎಲೆಗೆ, ಉಂಡದ್ದು ಅತ್ತೆ. ಕೆಲವನ್ನು ಕಡಿದರೆ ಉಳಿದವು ಮೇಲೇಳುತ್ತವೆ ಎಂದು ಊರೆಲ್ಲ ಹೇಳಿತು. ಆದರೆ ಯಾವ ನೆಂಟರಿಗೆ ಕೊಡಲಿ ಹಾಕಲಿ?

ಕೊನೆಗೆ ನನ್ನ ಮಹಾಬುದ್ಧಿ ಓಡಿತು. ಇಬ್ಬರ ತಗಡನ್ನೂ ಅದಲುಬದಲು ಮಾಡಿ, ಅಣ್ಣನನ್ನು ಊಟಕ್ಕೆ ಕರೆದೆ. ದಪ್ಪ ಮರದ ಮೇಲೆ ತನ್ನ ಹೆಸರು ನೋಡಿ ಅಣ್ಣ ಅದನ್ನು ತಬ್ಬಿಕೊಂಡೇಬಿಟ್ಟ. ಅಷ್ಟರಲ್ಲಿ ತಮ್ಮೂರು ಹ್ಯಾಂಡ್‌ಪೋಸ್ಟಿನಿಂದ ಹೇಳದೆ ಕೇಳದೆ ಅತ್ತೆ ಬಂದಿಳಿದರು. ಕನ್ನಡಕ ಏರಿಸಿ ಕಡ್ಡಿಯ ಮೇಲಿನ ಹೆಸರು ಓದಿದರು.

"ನಾನು ನೆಟ್ಟಿದ್ದು ನೀರಿನ ತೊಟ್ಟಿ ಪಕ್ಕ, ಅಳಿಯಂದ್ರೇ. ಮರ ಎದ್ದು ಓಡಾಡ್ತದಾ?"

ತೊಟ್ಟಿ ಅಣ್ಣ ತಬ್ಬಿಕೊಂಡಿದ್ದ ಮರದ ಪಕ್ಕದಲ್ಲೇ ಇತ್ತು. ತಪ್ಪೊಪ್ಪಿಕೊಳ್ಳದೆ ನನಗೆ ಬೇರೆ ದಾರಿಯಿರಲಿಲ್ಲ. ಇಷ್ಟು ವರ್ಷ ಒಂದು ಮಾತಿಗೂ ಹೊಂದದ ಅಣ್ಣ, ಅತ್ತೆ ಮುಖ ಮುಖ ನೋಡಿಕೊಂಡು ಮೊದಲ ಸಲ ಒಂದಾದರು: ನಡುವಿನ ಮರವನ್ನು ಕಡಿಯಬೇಕು! ಅಣ್ಣ ಕೊಡಲಿ ಹಿಡಿದ, ಅತ್ತೆ ಹಗ್ಗ ಎಳೆದರು. ನನ್ನ ಮರ ಉರುಳಿತು. ಅಣ್ಣನ ಕಡ್ಡಿಯ ಮೇಲೆ ಬಿಸಿಲು ಬಿತ್ತು. ಊಟಕ್ಕೆ ಕೂತಾಗ ಅತ್ತೆ ಅಣ್ಣನ ಎಲೆಗೆ ತಾವೇ ತುಪ್ಪ ಬಡಿಸಿದರು. ಮದುವೆಗೆ ವಾರ ಮುಂಚೆಯೇ ಬಂದು ಚಪ್ಪರ ಹಾಕಿಸುತ್ತೇನೆ ಎಂದ ಅಣ್ಣ.

ಬೋಳು ಬುಡದ ಮೇಲೆ ಒಬ್ಬನೇ ಕೂತಿದ್ದ ನನಗೆ ಸುಧಾ ಮಜ್ಜಿಗೆ ತಂದುಕೊಟ್ಟಳು. ಒಳಗೆ ಅಣ್ಣ, ಅತ್ತೆ ಸೇರಿ ನಗುತ್ತಿದ್ದುದು ಕೇಳುತ್ತಿತ್ತು.

"ನೋಡಿದ್ರಾ," ಎಂದಳು, "ನೀವೊಬ್ರು ಮಧ್ಯದಲ್ಲಿ ಇಲ್ದಿದ್ರೆ ಎಲ್ರೂ ಎಷ್ಟು ಚೆನ್ನಾಗಿರ್ತಾರೆ."