ಬೆಂಕಿಗುಡ್ಡಕ್ಕೆ ಉಡಿ ತುಂಬಲು ಹೋದ ಅತ್ತೆ

ನಮ್ಮ ಸೋದರತ್ತೆಗೆ ಗೊತ್ತಿರುವುದು ಎರಡೇ ಬಗೆಯ ಸಿಟ್ಟು. ಹಸಿದವರ ಸಿಟ್ಟು ಮತ್ತು ಮಡಿಲಿಗೆ ಉಡಿ ತುಂಬಿಸಿಕೊಳ್ಳದೆ ತವರಿನಿಂದ ಮರಳಿದವರ ಸಿಟ್ಟು. ಇಟಲಿಯ ವೆಸುವಿಯಸ್ ಜ್ವಾಲಾಮುಖಿಯದು ಎರಡನೆಯದು ಎಂದು ಬನಹಟ್ಟಿಯ ತನ್ನ ಸೀರೆ ಅಂಗಡಿಯಲ್ಲಿ ಟಿವಿ ನೋಡುತ್ತ ಆಕೆ ತೀರ್ಮಾನಿಸಿಬಿಟ್ಟಳು. ವಿಜ್ಞಾನಿಗಳು ಅಷ್ಟೆಲ್ಲ ಓದುವ ಮೊದಲು ಬನಹಟ್ಟಿಗೆ ಒಂದು ಫೋನ್ ಮಾಡಬಾರದಿತ್ತೆ?

“ಊರಿಗೆ ಊರೇ ಸುಟ್ಟೈತಂತ. ಯಾಕ ಸಿಟ್ಟಾದಿ ಅಂತ ಯಾರರ ಕೇಳ್ಯಾರೇನು? ಒಂದು ಜಂಪರದ ಖಣ, ಒಂದು ಕೊಬ್ಬರಿ ಬಟ್ಲ, ಬೊಗಸಿ ಅಕ್ಕಿ. ಉಡಿ ತುಂಬಿದ್ರ ತಣ್ಣಗಾಗತೈತಿ,” ಎಂದಳು.

ಮಾವ ತೀರಿಕೊಂಡ ಮೇಲೆ ಒಬ್ಬಳೇ ಅಂಗಡಿ ನಡೆಸಿ ದೊಡ್ಡದು ಮಾಡಿದವಳು, ಹಿಡಿದದ್ದನ್ನು ಬಿಡುವುದುಂಟೆ? ಗುಂಪೊಂದು ಇಟಲಿ ಪ್ರವಾಸ ಹೊರಟ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಜಮಖಂಡಿಗೆ ಮದುವೆಯಾಗಿ ಹೋಗಿದ್ದ ನನ್ನನ್ನೂ ಎಳೆದುಕೊಂಡು ಹೊರಟಳು. ನನ್ನ ಚೀಲದಲ್ಲಿ ಸ್ವೆಟರು, ಆಕೆಯ ಚೀಲದಲ್ಲಿ ಉಡಿಯ ಸಾಮಾನು.

ಮುಂಬೈ ವಿಮಾನ ನಿಲ್ದಾಣದಲ್ಲಿ ಅಧಿಕಾರಿಯೊಬ್ಬ ಚೀಲ ತೆರೆಸಿದ. ಒಣ ಕೊಬ್ಬರಿಗೆ ಬೆಂಕಿ ಹೊತ್ತಿಕೊಳ್ಳುತ್ತದೆ, ಒಯ್ಯುವಂತಿಲ್ಲ ಎಂದ.

“ನಾ ಹೊಂಟಿದ್ದೂ ಬೆಂಕಿಗುಡ್ಡಕ್ಕರೀ. ಅಲ್ಲಿ ಹೊತ್ತಿದ್ರ ಯಾರು ಬ್ಯಾಡಂತಾರ?” ಎಂದಳು ಅತ್ತೆ. ಇದನ್ನು ಹಿಂದಿಗೆ ತಿರುಗಿಸುವ ಧೈರ್ಯ ನನಗಾಗಲಿಲ್ಲ. ಕೊಬ್ಬರಿ ಮುಂಬೈಯಲ್ಲೇ ಉಳಿಯಿತು.

ಜ್ವಾಲಾಮುಖಿಯ ಪಕ್ಕದ ನೇಪಲ್ಸ್ ಹಳೆಯ ಬಂದರಿನ ಊರು. ಎಲ್ಲರೂ ಕೋಟೆ, ಹಡಗು ನೋಡಿದರೆ ಅತ್ತೆ ನೋಡಿದ್ದು ಓಣಿಯ ಮೇಲೆ ಹಗ್ಗ ಕಟ್ಟಿ ಒಣಹಾಕಿದ ಬಟ್ಟೆಗಳನ್ನು. “ಆ ಕೆಂಪು ಚಾದರ ಬಣ್ಣ ಬಿಡತೈತಿ ನೋಡು,” ಎಂದು ತೀರ್ಪು ಕೊಟ್ಟಳು. ಸ್ಕೂಟರುಗಳಿಗೆ ಹೆದರಿ ಪ್ರವಾಸಿಗರೆಲ್ಲ ರಸ್ತೆಯ ಅಂಚಿನಲ್ಲಿ ನಿಂತಿದ್ದಾಗ, ಮುಧೋಳ ಬಸ್ ಸ್ಟ್ಯಾಂಡಿನಲ್ಲಿ ಪಳಗಿದ ನಮ್ಮ ಅತ್ತೆ ಕೈಯೆತ್ತಿ ನಡೆದೇಬಿಟ್ಟಳು. ನೇಪಲ್ಸ್ ನಿಂತಿತು! ನಾವೆಲ್ಲ ಹಿಂದೆ ದಾಟಿದೆವು. ಆಚೆ ಬದಿಯ ಅಂಗಡಿಯಲ್ಲಿ ತೆಂಗಿನಕಾಯಿ ಗಾತ್ರದ ನಿಂಬೆಹಣ್ಣು ಸಿಕ್ಕಿತು. ಕೊಬ್ಬರಿಯ ಜಾಗಕ್ಕೆ ಅದನ್ನೇ ಕೊಂಡಳು.

ಮರುದಿನ ಗುಡ್ಡ. ಬಸ್ಸು ನಿಂತಲ್ಲಿಂದ ಬೂದಿ ಮಣ್ಣಿನ ಏರುದಾರಿ. ಇಳಕಲ್ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ನೋಯುವ ಮೊಣಕಾಲನ್ನು ಬೈಯುತ್ತ ಬೈಯುತ್ತ ಅತ್ತೆ ಏರಿದಳು. ಏದುಸಿರು ಬಿಡುತ್ತಿದ್ದ ಹುಡುಗರನ್ನೆಲ್ಲ ಹಿಂದೆ ಹಾಕಿ ತುದಿ ಮುಟ್ಟಿದಳು.

ಅತ್ತೆ ಚೀಲಕ್ಕೆ ಕೈಹಾಕುತ್ತಲೇ ತುದಿಯಲ್ಲಿದ್ದ ಕಾವಲುಗಾರ ಬೇಡವೆಂದು ತಲೆಯಾಡಿಸಿದ. ಗುಡ್ಡದ ಬಾಯಿಗೆ ಒಂದು ಹರಳನ್ನೂ ಎಸೆಯುವಂತಿಲ್ಲ.

“ಇಲ್ಲೂ ಬ್ಯಾಡಂತಾರೇನು,” ಎಂದಳು ಅತ್ತೆ, ಮೆಲ್ಲಗೆ.

ಆ ‘ಇಲ್ಲೂ’ ನನ್ನ ಎದೆಗೆ ನಾಟಿತು. ಗಂಡ ಸತ್ತವಳು ಉಡಿ ತುಂಬಬಾರದು, ತುಂಬಿಸಿಕೊಳ್ಳಲೂಬಾರದು ಎನ್ನುತ್ತಾರೆ ನಮ್ಮ ಕಡೆ. ನಾನು ಬಸುರಿಯಾಗಿದ್ದಾಗ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಹಸಿರು ಸೀರೆ ಆರಿಸಿ ತಂದವಳು ಇವಳೇ. ಉಡಿ ತುಂಬುವ ಹೊತ್ತಿಗೆ ಮಾತ್ರ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

ಪಕ್ಕದ ಪುಟ್ಟ ಅಂಗಡಿಯಿಂದ ಒಬ್ಬ ಹೆಂಗಸು ನೀರು ತಂದುಕೊಟ್ಟಳು. ಏಪ್ರನ್ ಕಟ್ಟಿದ ತುಂಬು ಬಸುರಿ. ಅತ್ತೆ ಅವಳ ಹೊಟ್ಟೆ ನೋಡಿದಳು, ಗುಡ್ಡ ನೋಡಿದಳು, ಚೀಲ ಬಿಚ್ಚಿದಳು.

“ಸೆರಗು ಹಿಡಿಯವ್ವಾ,” ಎಂದಳು ಅಪ್ಪಟ ಬನಹಟ್ಟಿ ಕನ್ನಡದಲ್ಲಿ. ಏನು ತಿಳಿಯಿತೋ, ಆಕೆ ನಗುತ್ತ ಏಪ್ರನ್ ಹಿಡಿದಳು. ಖಣ, ಅರಿಶಿನ ಬೇರು, ನಿಂಬೆಹಣ್ಣು, ಕೊನೆಗೆ ಬೊಗಸೆ ಬೊಗಸೆ ಅಕ್ಕಿ. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು, ಕಾವಲುಗಾರನೂ ತಟ್ಟಿದ. ಅತ್ತೆ ಗೆದ್ದಿದ್ದಳು.

ಹೀಗೆ ಕೊಟ್ಟವರಿಗೆ ಹೀಗೇ ಮರಳಿಸಬೇಕು ಎಂದುಕೊಂಡಳೋ ಏನೋ, ಆ ಹೆಂಗಸು ಏಪ್ರನ್ನಿನಿಂದ ಒಂದು ಹಿಡಿ ಅಕ್ಕಿ ತೆಗೆದು ಅತ್ತೆಯತ್ತ ಚಾಚಿದಳು. ಅತ್ತೆ ಆಚೀಚೆ ನೋಡಿದಳು. ನಿಧಾನವಾಗಿ ಸೆರಗೊಡ್ಡಿದಳು.

ಇಳಿಯುವ ದಾರಿಯುದ್ದಕ್ಕೂ ಸೆರಗನ್ನು ಮುಷ್ಟಿಯಲ್ಲಿ ಹಿಡಿದೇ ಇದ್ದಳು. ಕಾಲು ಜಾರೀತೆಂದು ನನಗೆ ಭಯ.

“ಅತ್ತಿ, ಆ ಅಕ್ಕಿ ಇಲ್ಲಿ ಕೊಡು ಬೇ. ಚೀಲದಾಗ ಹಾಕ್ತೀನಿ.”

“ಬ್ಯಾಡ,” ಎಂದಳು. “ಇದು ನನ್ನ ಉಡಿ.”