ಟೈಟ್ ಎಂಡ್ ಪರವಾಗಿ ಶ್ರೀಪತಿ

ಶ್ರೀಪತಿಗೊಂದು ಕಾಯಿಲೆಯಿತ್ತು. ಮಗಳು ನಿಧಿ ಏನೇ ಮಾಡಲಿ, ‘ಆ ತಿರುಮಲನ ಮಗಳು ಮಾನ್ಯಾನ ನೋಡು’ ಎಂಬ ಮಾತು ಅವನ ಬಾಯಿಂದ ತಾನಾಗಿ ಹೊರಬೀಳುತ್ತಿತ್ತು. ಅಮೆರಿಕದ ಕಾಪೆಲ್ ಊರಿನಲ್ಲಿ ಇಬ್ಬರದೂ ಎದುರುಬದುರು ಮನೆ. ನೋಡದೆ ಇರುವುದಾದರೂ ಹೇಗೆ?

ನಿಧಿ ಮೂರು ವಾರದಿಂದ ಅವನ ಜೊತೆ ನೆಟ್ಟಗೆ ಮಾತಾಡಿರಲಿಲ್ಲ. ಮುಂದಿನ ಶನಿವಾರ ಅಪ್ಪ ಮಗಳಿಬ್ಬರೇ ಆಸ್ಟಿನ್‌ಗೆ ಹೋಗಿ ಯೂನಿವರ್ಸಿಟಿ ನೋಡಿ ಬರಬೇಕೆಂದು ಅವನಿಗೆ ಆಸೆ. ಇನ್ನೊಂದು ವರ್ಷ ಕಳೆದರೆ ಅವಳು ಮನೆಯಲ್ಲಿರುವುದಿಲ್ಲ. ಆ ಮೂರು ಗಂಟೆಯ ದಾರಿಯಲ್ಲಾದರೂ ಮಗಳ ಮಾತು ಕೇಳಬೇಕೆಂದು ಅವನ ಜೀವ ಹಾತೊರೆಯುತ್ತಿತ್ತು.

ಭಾನುವಾರ ಬೆಳಿಗ್ಗೆ ನಿಧಿ ಷರತ್ತು ಹಾಕಿದಳು. “ಇವತ್ತು ತಿರುಮಲ ಅಂಕಲ್ ಮನೇಲಿ ಫುಟ್‌ಬಾಲ್ ನೋಡಕ್ಕೆ ಹೋಗ್ತೀವಲ್ಲ, ವಾಪಸ್ ಮನೆಗೆ ಬರೋವರೆಗೂ ನನ್ನ ಯಾರ ಜೊತೇನೂ ಕಂಪೇರ್ ಮಾಡಬೇಡ. ಆಗ ಆಸ್ಟಿನ್‌ಗೆ ಬರ್ತೀನಿ.”

“ಅಷ್ಟೇನಾ?” ಎಂದ ಶ್ರೀಪತಿ.

ಹೋಗಿ ಕೂತ ಐದೇ ನಿಮಿಷಕ್ಕೆ ತಿರುಮಲನ ಹೆಂಡತಿ ಕೃಷ್ಣವೇಣಿ ಬೋಂಡದ ತಟ್ಟೆ ಹಿಡಿದು ಬಂದಳು. “ನಮ್ಮ ಮಾನ್ಯಾಗೆ ಕಾಲೇಜು ಸೇರೋ ಎಸ್‌ಎಟಿ ಪರೀಕ್ಷೇಲಿ ಸಾವಿರದ ಆರ್ನೂರಕ್ಕೆ ಸಾವಿರದ ಐನೂರ ನಲವತ್ತು. ನಿಧಿಗೆಷ್ಟು ಬಂತು?”

ಶ್ರೀಪತಿ ಬಾಯಿ ಮುಚ್ಚಿಕೊಳ್ಳಲು ಒಂದಿಡೀ ಬೋಂಡ ತುರುಕಿಕೊಂಡ. ಅದು ಕೆಂಡದಂತೆ ಸುಡುತ್ತಿತ್ತು. ಕಣ್ಣಲ್ಲಿ ನೀರು ಬಂತು.

“ಅಯ್ಯೋ ಪಾಪ, ಅಷ್ಟು ಕಮ್ಮಿನಾ?” ಎಂದಳು ಕೃಷ್ಣವೇಣಿ.

ಟೀವಿಯಲ್ಲಿ ಕೈಯಲ್ಲಿ ಚೆಂಡು ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್ ನಡೆದಿತ್ತು. ಅಷ್ಟರಲ್ಲಿ ತಿರುಮಲ ಅದರತ್ತ ಕೈಚಾಚಿದ. “ಈ ಟೈಟ್ ಎಂಡ್ ಜಾಗದಲ್ಲಿ ಆಡೋನ್ನ ಮೊದಲು ಕಿತ್ತುಹಾಕ್ಬೇಕು. ಹೋದ ವರ್ಷ ನಮ್ಮ ವೈಡ್ ರಿಸೀವರ್ ಚೆಂಡು ಹಿಡಿದು ಸಾವಿರ ಯಾರ್ಡ್ ಮಾಡಿದಾನೆ, ಇವನು ಬರೀ ಆರ್ನೂರು!”

ಸ್ಕೂಲಿನ ಪ್ರಾಜೆಕ್ಟಿಗೆ ನಿಧಿ ಇದನ್ನೇ ಲೆಕ್ಕ ಹಾಕಿದ್ದಳು. ತಿಂಗಳ ಹಿಂದೆ ಊಟ ಮಾಡುತ್ತ ಅವಳು ಹೇಳಿದ್ದನ್ನು ಶ್ರೀಪತಿ ಅರ್ಧ ಕಿವಿಯಲ್ಲಿ ಕೇಳಿದ್ದ. ಈಗ ಅದೇ ಕೈಹಿಡಿಯಿತು.

“ಸುಮ್ನಿರಯ್ಯಾ! ವೈಡ್ ರಿಸೀವರ್‌ಗೆ ಚೆಂಡು ಹಿಡಿಯೋದೇ ಕೆಲಸ. ಐನೂರು ಸಲ ಓಡಿದಾನೆ. ಟೈಟ್ ಎಂಡ್ ಅರ್ಧ ಹೊತ್ತು ಎದುರು ಟೀಮಿನವರನ್ನ ತಡೆದು ನಿಂತಿರ್ತಾನೆ, ಚೆಂಡಿಗೆ ಓಡಿದ್ದೇ ಇನ್ನೂರೈವತ್ತು ಸಲ. ಒಂದು ಓಟಕ್ಕೆಷ್ಟು ಅಂತ ಲೆಕ್ಕ ಹಾಕು, ಇವನೇ ಮುಂದೆ! ರನ್ನಿಂಗ್ ಬ್ಯಾಕ್‌ಗಂತೂ ಚೆಂಡು ಹೊತ್ತು ನುಗ್ಗೋದೇ ಕೆಲಸ. ಒಬ್ಬೊಬ್ಬರದು ಒಂದೊಂದು ಕೆಲಸ ಕಣಯ್ಯಾ, ಎಲ್ಲರನ್ನೂ ಒಂದೇ ಅಳತೇಲಿ ಅಳೀಬಾರ್ದು.”

ಹೇಳಿದ ಮಾತು ಅವನ ಕಿವಿಗೇ ಬಿತ್ತು. ಹದಿನೇಳು ವರ್ಷ ತಾನು ಮಾಡಿದ್ದಾದರೂ ಏನು? ಸೋಫಾದ ಮೂಲೆಯಿಂದ ನಿಧಿ ಅವನನ್ನೇ ನೋಡುತ್ತ ನಗುತ್ತಿದ್ದಳು. ಆ ನಗು ನೋಡಿ ಎಷ್ಟು ದಿನವಾಗಿತ್ತೋ ಅವನಿಗೆ ನೆನಪಿಲ್ಲ.

ಆಟ ಮುಗಿದು ರಸ್ತೆ ದಾಟುವಾಗ ಅವಳೇ ಕೈಹಿಡಿದಳು. “ಅಪ್ಪಾ, ಅವತ್ತು ನಾನು ಹೇಳಿದ್ದು ಕೇಳಿಸ್ಕೊಂಡಿದ್ಯಾ?”

ಶ್ರೀಪತಿ ಅವಳ ಕೈ ಅದುಮಿದ. “ಕೇಳದೆ ಇರ್ತೀನಾ ಪುಟ್ಟಾ? ಎಂಥಾ ಲೆಕ್ಕ ಅದು! ಆ ಮಾನ್ಯಾ ತಲೆಕೆಳಗಾಗಿ ನಿಂತ್ರೂ ನಿನ್ನ ಥರ ಮಾಡಕ್ಕಾಗಲ್ಲ!”

ನಿಧಿ ಕೈ ಬಿಟ್ಟಳು. ಮನೆ ಬಾಗಿಲಿಗೆ ಇನ್ನೂ ಹತ್ತು ಹೆಜ್ಜೆಯಿತ್ತು.

ಶನಿವಾರ ಅವಳು ಆಸ್ಟಿನ್‌ಗೇನೋ ಹೋದಳು, ಮಾನ್ಯಾಳ ಜೊತೆ, ತಿರುಮಲನ ಕಾರಿನಲ್ಲಿ. ಶ್ರೀಪತಿ ಗ್ಯಾರೇಜಿನ ಮುಂದೆ ನಿಂತು ಕಾರು ತಿರುವು ದಾಟುವವರೆಗೂ ಕೈಬೀಸಿದ.

ಪಕ್ಕದಲ್ಲಿ ನಿಂತಿದ್ದ ಹೆಂಡತಿ ಉಷಾರಾಣಿ ನಿಟ್ಟುಸಿರುಬಿಟ್ಟಳು. “ಆ ತಿರುಮಲ ಅವರನ್ನ ನೋಡಿ. ಮಕ್ಕಳ ಜೊತೆ ಹೇಗಿರಬೇಕು ಅಂತ ಅವರನ್ನ ನೋಡಿ ಕಲೀರಿ.”