ಚೌಕಟ್ಟು ಸಿಗದ ಸೊಸೆ

ನಮ್ಮ ಅತ್ತೆಗೆ ಕಂಪ್ಯೂಟರ್ ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಬರುವವರು ಅದನ್ನು ಬಳಸುತ್ತಾರೆ, ಅಷ್ಟೆ. ನಮ್ಮ ಅತ್ತೆ ಅದನ್ನು ಆಳುತ್ತಾರೆ! ಮೌಸ್ ಮುಟ್ಟದೆ, ಕೀಬೋರ್ಡಿನ ಒಂದಕ್ಷರ ಒತ್ತದೆ, ನನ್ನ ಕುರ್ಚಿಯ ಹಿಂದೆ ಕೈಕಟ್ಟಿ ನಿಂತೇ ಒಂದು ವೆಬ್‌ಸೈಟಿನ ಕೆಲಸವನ್ನು ತಿಂಗಳುಗಟ್ಟಲೆ ಹಿಂದಕ್ಕೆ ತಳ್ಳಬಲ್ಲ ಇನ್ನೊಬ್ಬರನ್ನು ಇಡೀ ಮೂಡಿಗೆರೆ ತಾಲ್ಲೂಕಿನಲ್ಲಿ ತೋರಿಸಿ, ನೋಡೋಣ.

ಮದುವೆಗೆ ಮುಂಚೆ ನಾನು ಹಾಸನದ ಸಣ್ಣ ಕಂಪನಿಯೊಂದರಲ್ಲಿ ಪ್ರೋಗ್ರಾಮ್ ಬರೆಯುತ್ತಿದ್ದೆ. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದ ಕಾಲ. ಜಾವಳಿ ಕಡೆಯ ಈ ಕಾಫಿ ತೋಟಕ್ಕೆ ಸೊಸೆಯಾಗಿ ಬಂದಾಗ ನನ್ನ ಜೊತೆ ಕಂಪ್ಯೂಟರ್ ಬಂತು, ಕೆಲಸ ಬರಲಿಲ್ಲ. ಹಾಗಿರುವಾಗ ನಮ್ಮ ತೋಟದ ಮೆಣಸು ಕೊಳ್ಳುವ ಮೂಡಿಗೆರೆಯ ವ್ಯಾಪಾರಿ ಸಾಹೇಬರು, ಪರವೂರಿನ ಗಿರಾಕಿಗಳು ಇಂಟರ್ನೆಟ್ಟಿನಲ್ಲೇ ಮೆಣಸು, ಏಲಕ್ಕಿಗೆ ಆರ್ಡರ್ ಕೊಡುವ ಹಾಗೆ ಏನಾದರೂ ಮಾಡಿಕೊಡಲು ಆಗುತ್ತದೆಯೇ, ದೀಪಾವಳಿಯೊಳಗೆ ಬೇಕು ಎಂದು ಕೇಳಿದರು. ನಾನು ಎರಡೂ ಕೈಯಲ್ಲಿ ಬಾಚಿಕೊಂಡೆ.

ಎಲ್ಲವನ್ನೂ ಮೊದಲಿಂದ ಬರೆಯುತ್ತ ಕೂತರೆ ದೀಪಾವಳಿಗಿರಲಿ, ಯುಗಾದಿಗೂ ಮುಗಿಯದು. ಅದಕ್ಕೇ ಫ್ರೇಮ್‌ವರ್ಕ್ ಎಂಬುದು ಇರುವುದು. ಯಾವ ವೆಬ್‌ಸೈಟಿಗಾದರೂ ಬೇಕಾಗುವ ಮಾಮೂಲಿ ಭಾಗಗಳನ್ನು ಯಾರೋ ಪುಣ್ಯಾತ್ಮರು ಮೊದಲೇ ಬರೆದಿಟ್ಟಿರುತ್ತಾರೆ. ನಮಗೆ ಬೇಕಾದದ್ದನ್ನು ಅದರೊಳಗೆ ಕೂರಿಸಿದರೆ ಕೆಲಸ ಬೇಗ ಮುಗಿಯುತ್ತದೆ. ತೊಂದರೆ ಏನೆಂದರೆ ಆಗ ಇಂಥ ಪುಣ್ಯಾತ್ಮರು ಮಳೆಗಾಲದ ಅಣಬೆಯಂತೆ ಎದ್ದಿದ್ದರು. ಯಾವುದನ್ನು ಆರಿಸುವುದು?

"ಎಂತ ಮಾರಾಯ್ತಿ, ಬೆಳಿಗ್ಗೆಯಿಂದ ಓದ್ತಾನೇ ಇದೀಯ. ಬರಿಯೋದು ಯಾವಾಗ?" ಹಿಂದಿನಿಂದ ಅತ್ತೆಯ ದನಿ.

"ಫ್ರೇಮ್‌ವರ್ಕ್ ಆರಿಸ್ತಾ ಇದೀನಿ ಅತ್ತೆ. ಅಂದ್ರೆ ಒಂಥರಾ ಚೌಕಟ್ಟು."

"ಎಂತೆಂತ ಇದಾವೆ?"

ಹೇಳಬಾರದಿತ್ತು. ಹೇಳಿದೆ. "ಜಾವಾದಲ್ಲಿ ಒಂದಿದೆ..."

ಅತ್ತೆಯ ಮುಖ ಅರಳಿತು. "ಜಾವಾನಾ? ನಿಮ್ಮ ಮಾವ ನನ್ನ ನೋಡೋಕೆ ಬಂದಿದ್ದೇ ಜಾವಾ ಬೈಕ್ ಮೇಲೆ! ಮತ್ತೆಂತ ಯೋಚನೆ? ಅದನ್ನೇ ತಗೋ."

ಅದು ಬೈಕಲ್ಲ, ಪ್ರೋಗ್ರಾಮ್ ಬರೆಯುವ ಭಾಷೆ, ಈ ಸಣ್ಣ ಅಂಗಡಿಗೆ ಅಷ್ಟು ಭಾರದ್ದು ಬೇಡ ಎಂದು ಬಿಡಿಸಿ ಹೇಳಿ, ರೂಬಿ ಎಂಬ ಭಾಷೆಯದ್ದೊಂದು ಹೊಸದು ಬಂದಿದೆ, ಅದರಲ್ಲಿ ಕೆಲಸ ಬಹಳ ಚುರುಕಂತೆ ಎಂದೆ.

"ರೂಬಿ ಅಂದ್ರೆ ಮಾಣಿಕ್ಯ ಅಲ್ವಾ? ಅದು ಎಲ್ಲರ ರಾಶಿಗೂ ಆಗಿಬರಲ್ಲ. ಸಾಹೇಬರ ಜಾತಕ ಇದ್ಯಾ?"

ಸಾಹೇಬರ ಜಾತಕ! ಹೇಳಿ, ಸಿಟ್ಟು ಬರುತ್ತದೋ ಇಲ್ಲವೋ? ಗಂಡನ ಕಡೆ ತಿರುಗಿದರೆ ಅವರು ಆಗಲೇ ಛತ್ರಿ ಹಿಡಿದು ತೋಟಕ್ಕೆ ಹೊರಟಿದ್ದರು. ಅಮ್ಮ, ಹೆಂಡತಿ ಒಟ್ಟಿಗೆ ಮಾತಾಡುವ ಹೊತ್ತಿಗೆ ಸರಿಯಾಗಿ ಅವರಿಗೆ ತೋಟದಲ್ಲಿ ತುರ್ತು ಕೆಲಸ ಬರುತ್ತದೆ.

ಅಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಲೂ ಇರಲಿಲ್ಲ. ಅತ್ತೆಗೆ ಬಾಳೂರಿನಲ್ಲಿ ಒಬ್ಬ ತಮ್ಮ ಇದ್ದಾರೆ. ದಿನವೂ ಅಕ್ಕ ತಮ್ಮ ಫೋನಿನಲ್ಲಿ ತಂತಮ್ಮ ತೋಟದಲ್ಲಿ ಎಷ್ಟು ಇಂಚು ಮಳೆಯಾಯಿತೆಂದು ಹೇಳಿಕೊಳ್ಳದಿದ್ದರೆ ಇಬ್ಬರಿಗೂ ತಿಂಡಿ ಸೇರುವುದಿಲ್ಲ. ಒಂದು ದಿನ ಮಳೆಯ ಲೆಕ್ಕ ಮುಗಿದ ಮೇಲೆ ಅತ್ತೆ ನಿಟ್ಟುಸಿರಿಟ್ಟು, "ನಮ್ಮ ಸೊಸೆಗೆ ಸರಿಯಾದ ಚೌಕಟ್ಟು ಸಿಗ್ದೆ ಕೆಲ್ಸಾನೇ ನಿಂತು ಹೋಗಿದೆ ಕಣೋ. ಪಾಪ, ಊಟಾನೂ ಸರಿಯಾಗಿ ಮಾಡಲ್ಲ" ಎಂದರು.

ಅಕ್ಕನ ಮಾತು ಎಂದರೆ ಆ ತಮ್ಮನಿಗೆ ದೇವರ ಅಪ್ಪಣೆ. ನಾಲ್ಕೇ ದಿನದಲ್ಲಿ ಕೆಸರು ಹಾರಿಸುತ್ತ ಅವರ ಜೀಪು ನಮ್ಮ ಅಂಗಳಕ್ಕೆ ಬಂತು. ಅದರ ತಲೆಯ ಮೇಲೆ ಹಲಸಿನ ಮರದ ಬಾಗಿಲ ಚೌಕಟ್ಟು!

"ತಗೊಳಮ್ಮಾ, ಗಟ್ಟಿ ಮರ. ಗೆದ್ದಲು ಹತ್ತಿರ ಸುಳಿಯಲ್ಲ" ಎಂದು ಅವರು ನನ್ನನ್ನೇ ನೋಡಿ ನಕ್ಕರು. ನಾನು ಅಳಲೋ, ನಗಲೋ? ಅತ್ತೆಗೆ ಮಾತ್ರ ಒಂದು ಚೂರೂ ಮುಜುಗರವಿಲ್ಲ. "ಇರ್ಲಿ ಬಿಡು, ಕೊಟ್ಟಿಗೆಗೆ ಬಾಗಿಲಿರಲಿಲ್ಲ" ಎಂದರು. ಹೀಗೆ ನನಗಿಂತ ಮೊದಲು ನಮ್ಮ ಮನೆಯ ದನಗಳಿಗೆ ಫ್ರೇಮ್‌ವರ್ಕ್ ಸಿಕ್ಕಿತು.

ನಾನು ಹಟ ಬಿಡಲಿಲ್ಲ. ಕೈಗೆ ಸಿಕ್ಕ ಎರಡು ಫ್ರೇಮ್‌ವರ್ಕ್‌ಗಳಲ್ಲಿ ಒಂದೊಂದು ಪುಟ ಮಾಡಿ, ಯಾವುದು ಸಲೀಸು ಎಂದು ನೋಡಲು ಕೂತೆ. ಅತ್ತೆ ತಾವೇ ಮೊದಲ ಗಿರಾಕಿ ಎಂದು ಸಾರಿ, ಪಕ್ಕದಲ್ಲಿ ನಿಂತು ಹೇಳತೊಡಗಿದರು. ನಾನು ಒತ್ತಬೇಕು.

"ಕರಿಮೆಣಸು ಅಂತ ಹಾಕು."

"ಹಾಕ್ದೆ. ಎಷ್ಟು ಬೇಕು?"

"ಸ್ವಲ್ಪ."

"ಸ್ವಲ್ಪ ಅಂತ ಹಾಕೋಕಾಗಲ್ಲ ಅತ್ತೆ, ಅಂಕಿ ಹಾಕ್ಬೇಕು."

"ಮನೆಗೆ ಬಂದ ಗಿರಾಕಿ ಹೇಳಿದ್ದು ಬರ್ಕೊಳಕ್ಕೆ ನಿಂಗೆಂತ ಕಷ್ಟ?"

ರೋಸಿಹೋಗಿ 'ಸ್ವಲ್ಪ' ಎಂದೇ ಒತ್ತಿದೆ. ಪರದೆಯ ತುಂಬ ಕೆಂಪು ಅಕ್ಷರದ ಇಂಗ್ಲಿಷ್ ಸಾಲುಗಳು ಧಡಧಡನೆ ಬಂದವು. ಅತ್ತೆ ಒಂದು ಹೆಜ್ಜೆ ಹಿಂದೆ ಸರಿದರು. "ಬೈತಿದೆಯಲ್ಲೇ! ಒಂಚೂರು ಮೆಣಸು ಕೇಳಿದ್ದಕ್ಕಾ? ಇದು ಬೇಡವೇ ಬೇಡ." ಎರಡನೆಯದೂ ಬೈಯಿತು. ಅದೂ ಬೇಡವಾಯಿತು.

ಕೊನೆಗೆ ಪಿಎಚ್‌ಪಿ ಎಂಬ ಭಾಷೆಯ ಒಂದು ಚಿಕ್ಕ ಫ್ರೇಮ್‌ವರ್ಕ್ ಕಣ್ಣಿಗೆ ಬಿತ್ತು. ಹಗುರ, ಜೊತೆಗೆ ಅದರ ಕೈಪಿಡಿಯೂ ಒಟ್ಟಿಗೇ ಬರುತ್ತದೆ, ಓದಲು ಪದೇಪದೇ ಇಂಟರ್ನೆಟ್ ಬೇಡ. ನಮ್ಮಲ್ಲಿ ಇದ್ದದ್ದು ಫೋನ್ ಲೈನಿನ ಇಂಟರ್ನೆಟ್. ಅದು ಓಡುವಾಗ ಯಾರೂ ಫೋನ್ ಮುಟ್ಟುವಂತಿಲ್ಲ. ಮಳೆಗೆ ಲೈನ್ ಸತ್ತು, ಬದುಕಿ, ಮತ್ತೆ ಸತ್ತು, ಅಂತೂ ಒಂದು ಮಧ್ಯಾಹ್ನ ಫೈಲು ಇಳಿಯತೊಡಗಿತು. ಇನ್ನೇನು ಮುಗಿಯಬೇಕು, ಪಕ್ಕದ ಕೋಣೆಯಲ್ಲಿ ಅತ್ತೆ ಫೋನ್ ಎತ್ತಿದರು. "ಹಲೋ, ನಿಮ್ಮಲ್ಲಿ ಎಷ್ಟು ಇಂಚು?"

ಫೈಲೂ ಹೋಯಿತು, ನನ್ನ ತಾಳ್ಮೆಯೂ ಹೋಯಿತು. "ನಿಮ್ಗೆ ಇದೆಲ್ಲ ಆಟ ಅತ್ತೆ! ನನಗೆ ಇರೋದು ಇದೊಂದೇ ಕೆಲ್ಸ!" ಎಂದು ಕೂಗಿಬಿಟ್ಟೆ. ಆ ಮನೆಯಲ್ಲಿ ಅವರ ಎದುರು ಯಾರೂ ಹಾಗೆ ಕೂಗಿದ್ದಿಲ್ಲವಂತೆ. ಅವರು ಫೋನ್ ಇಟ್ಟು ಒಳಗೆ ಹೋದರು.

ಉರಿಗೆ ತುಪ್ಪ ಸುರಿದಂತೆ ಅದೇ ಸಂಜೆ ಸಾಹೇಬರ ಫೋನು. ದೀಪಾವಳಿ ಹತ್ತಿರ ಬಂತು, ಬೆಂಗಳೂರಿನವರು ಯಾರೋ ಬೇಗ ಮಾಡಿಕೊಡುತ್ತೇವೆ ಅನ್ನುತ್ತಿದ್ದಾರೆ, ಏನು ಮಾಡಲಿ ಎಂದರು. ಇನ್ನೊಂದಿಷ್ಟು ದಿನ ಕೊಡಿ ಎಂದು ಒಳಗಿದ್ದ ಅತ್ತೆಗೂ ಕೇಳಿಸುವಷ್ಟು ಗಟ್ಟಿಯಾಗಿ ಬೇಡಿಕೊಂಡೆ.

ಮಾರನೆ ದಿನ ಅತ್ತೆ ಕನ್ನಡಕದ ಕಾಲು ಮುರಿದಿದೆ ಎಂದು ಮೂಡಿಗೆರೆ ಬಸ್ಸು ಹತ್ತಿದರು. ನನ್ನ ಕೆಲಸ ಮುಳುಗುತ್ತಿದೆ, ಇವರಿಗೆ ಕನ್ನಡಕದ ಚಿಂತೆ! ಮನಸ್ಸಿನಲ್ಲೇ ಹಲ್ಲು ಕಡಿದೆ. ಆಶ್ಚರ್ಯವೆಂದರೆ ಆ ಸಂಜೆ ಸಾಹೇಬರೇ ಮತ್ತೆ ಫೋನ್ ಮಾಡಿ, "ನಿಧಾನಕ್ಕೆ ಮಾಡಮ್ಮ, ಕ್ರಿಸ್‌ಮಸ್ಸಿಗಾದ್ರೂ ಸಾಕು" ಎಂದರು. ಎಂಥ ದೊಡ್ಡ ಮನಸ್ಸು ಎಂದುಕೊಂಡೆ. ಅಂದಿನಿಂದ ಅತ್ತೆ ನಮ್ಮ ಫೋನ್ ಮುಟ್ಟಲಿಲ್ಲ. ತಮ್ಮನ ಜೊತೆ ಮಾತಾಡಬೇಕಾದರೆ ಛತ್ರಿ ಹಿಡಿದು ಗುಡ್ಡದಾಚೆಯ ಮನೆಗೆ ಹೋಗಿ ಬರುತ್ತಿದ್ದರು. ಮುನಿಸು ಇನ್ನೂ ಇಳಿದಿಲ್ಲ, ಇರಲಿ, ನನಗೇನು ಎಂದು ನಾನೂ ಬಿಗಿದುಕೊಂಡೇ ಇದ್ದೆ. ಫೈಲು ಇಳಿಯಿತು. ಕೆಲಸ ಸರಸರನೆ ಸಾಗಿತು. ಕ್ರಿಸ್‌ಮಸ್ಸಿಗೆ ಮೊದಲೇ ಮುಗಿಯಿತು.

ಸಾಹೇಬರ ಅಂಗಡಿಗೆ ಹೋಗಿ ಎಲ್ಲ ತೋರಿಸಿದೆ. ಅವರು ಮೊದಲ ಆರ್ಡರನ್ನು ತಾವೇ ಒತ್ತಿ ಮಗುವಿನಂತೆ ನಕ್ಕರು. ಕಾಯಲು ಒಪ್ಪಿದ್ದಕ್ಕೆ ನಾನು ಕೃತಜ್ಞತೆ ಹೇಳಿದಾಗ, ಅವರು ಅಚ್ಚರಿಯಿಂದ ನನ್ನ ಮುಖ ನೋಡಿದರು.

"ನಿಮ್ಮತ್ತೆ ಹೇಳ್ಲಿಲ್ವಾ? ಅವತ್ತು ಬಂದು ಇದೇ ಬೆಂಚಿನ ಮೇಲೆ ಕೂತಿದ್ರು. ತಡ ಆಗಿದ್ದು ನನ್ನಿಂದ, ಸೊಸೆಯಿಂದ ಅಲ್ಲ ಅಂದ್ರು. ಇಷ್ಟು ವರ್ಷ ವ್ಯವಹಾರ ಮಾಡಿದೀನಮ್ಮ, ಅವ್ರು ತಪ್ಪಾಯ್ತು ಅಂದಿದ್ದು ನಾನು ಕೇಳಿಲ್ಲ." ಸಾಹೇಬರು ತಕ್ಕಡಿಯ ತಟ್ಟೆಯನ್ನು ಸುಮ್ಮನೆ ಒರೆಸಿದರು. "ಆಮೇಲೆ ಅಂದ್ರು, 'ನಾನೂ ಮದುವೆಯಾದ ಹೊಸದ್ರಲ್ಲಿ ಓದು ಮುಂದುವರಿಸ್ತೀನಿ ಅಂತ ಒಂದ್ಸಲ ಕೇಳಿದ್ದೆ ಸಾಹೇಬ್ರೆ. ಒಂದು ಸಲ ತಪ್ಪಿಹೋದ್ರೆ ಹೆಂಗಸ್ರು ಎರಡನೇ ಸಲ ಕೇಳಲ್ಲ. ಅವಳಿಗೆ ಇದು ತಪ್ಪಿಸ್ಬೇಡಿ.'"

ಆ ರಾತ್ರಿ ಊಟಕ್ಕೆ ಕೂತಾಗ ಅತ್ತೆ ನನ್ನ ತಟ್ಟೆಗೆ ಕಡುಬು ಹಾಕುತ್ತ, ಎಷ್ಟೋ ದಿನಗಳ ಮೇಲೆ ಮೊದಲ ಬಾರಿಗೆ ನನ್ನ ಕಡೆ ನೋಡಿ ಕೇಳಿದರು.

"ಸಾಹೇಬರದ್ದು ಮುಗೀತಲ್ಲ. ಮುಂದಿನದು ಯಾರದ್ದೇ?"